ಓಮ್‌ಸ್ಟೆಡ್‌ಗೂ ಸಿಗದ ಸೀಟು: ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಓದಲು ಯಾರು ಅರ್ಹರು?

ಈ ಸಲದ ವಿಷಯ ನಾನು ಹುಡುಕಿಕೊಂಡು ಹೋದದ್ದಲ್ಲ, ಫೋನಿನಲ್ಲಿ ಬಂದದ್ದು. ಹಾಸನದಿಂದ ನಮ್ಮಕ್ಕನ ಮಗಳು ಫೋನ್ ಮಾಡಿದ್ದಳು. ಬಿಎಸ್ಸಿ ತೋಟಗಾರಿಕೆ, ಕೊನೇ ವರ್ಷ. "ಮಾಮ, ನಾನು ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಆಗ್ಬೇಕು ಅಂತಿದೀನಿ. ನೀವು ದೆಹಲೀಲೇ ಇದ್ದೀರಲ್ಲ, ಅದಕ್ಕೆ ಸೇರೋಕೆ ಏನೇನು ಬೇಕು ಅಂತ ಸ್ವಲ್ಪ ನೋಡಿ ಹೇಳ್ತೀರಾ?" ಅಂದಳು.

ನಮ್ಮ ಮನೆಗಳಲ್ಲಿ ಐಟಿಯಲ್ಲಿ ಇರುವವನು ಅಂದರೆ ಎಲ್ಲ ಅಡ್ಮಿಷನ್ ವಿಚಾರಕ್ಕೂ ಅವನೇ ಹೆಲ್ಪ್‌ಡೆಸ್ಕ್. ನಿಮಗೂ ಇದರ ಅನುಭವ ಇರುತ್ತೆ. ಒಂದು ಭಾನುವಾರ ಕೂತು ನಾಲ್ಕೈದು ಕಾಲೇಜುಗಳ ಪ್ರವೇಶ ಪ್ರಕಟಣೆ ಓದಿದೆ. ಹೆಚ್ಚುಕಮ್ಮಿ ಎಲ್ಲದರಲ್ಲೂ ಮೊದಲ ಸಾಲು ಒಂದೇ: ಮಾನ್ಯತೆ ಪಡೆದ ಸಂಸ್ಥೆಯಿಂದ ಐದು ವರ್ಷದ ಬಿ.ಆರ್ಕ್ ಪದವಿ. ಅದರ ಮೇಲೆ ಗೇಟ್ ಸ್ಕೋರ್ ಅಥವಾ ಕಾಲೇಜಿನದೇ ಪ್ರವೇಶ ಪರೀಕ್ಷೆ, ಪೋರ್ಟ್‌ಫೋಲಿಯೋ, ಸಂದರ್ಶನ. ಅವಳಿಗೆ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಾಲ್ಕು ವರ್ಷ ಗಿಡ, ಮಣ್ಣು ಓದಿದ್ದು ಲೆಕ್ಕಕ್ಕೇ ಇಲ್ವಾ ಮಾಮ?" ಅಂತ ಕೇಳಿದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಎಂ.ಟೆಕ್ ಮಾಡಿದ ನನಗೂ ಆ ಕೋರ್ಸಿಗೆ ಅರ್ಹತೆ ಇಲ್ಲ, ಆದರೆ ನನಗದು ಬೇಕಾಗಿಯೂ ಇಲ್ಲ. ಅವಳಿಗೆ ಬೇಕು. ಹಾಗಾಗಿ ಈ ಮೊದಲ ಸಾಲನ್ನು ಯಾರು, ಯಾವಾಗ, ಯಾಕೆ ಬರೆದರು ಅಂತ ಹಿಂದಕ್ಕೆ ಹೋಗಿ ಓದಿದೆ. ಓದಿದ್ದರಲ್ಲಿ ಸಿಕ್ಕಿದ್ದನ್ನು ಇವತ್ತು ಹೇಳ್ತೀನಿ.

ಡಿಗ್ರಿ ಇಲ್ಲದ ಗುರು

ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಅಂದರೆ ಕಟ್ಟಡದ ಸುತ್ತ ಹುಲ್ಲು ಹಾಸಿ ಕ್ರೋಟನ್ ಗಿಡ ನೆಡುವುದಲ್ಲ. ನೆಲದ ಇಳಿಜಾರು ಹೇಗಿರಬೇಕು, ಮಳೆನೀರು ಎಲ್ಲಿಗೆ ಹರಿಯಬೇಕು, ದಾರಿ ಎಲ್ಲಿ, ನೆರಳು ಎಲ್ಲಿ, ಯಾವ ಮರ ಎಷ್ಟು ವರ್ಷಕ್ಕೆ ಎಷ್ಟು ಹರಡುತ್ತದೆ ಅಂತ ಮೊದಲೇ ಯೋಚಿಸಿ ನಕ್ಷೆ ಮಾಡುವ ಕೆಲಸ ಅದು. ಈ ವೃತ್ತಿಗೆ ಈ ಹೆಸರನ್ನು ಗಟ್ಟಿ ಮಾಡಿದವರು ಅಮೆರಿಕದ ಫ್ರೆಡರಿಕ್ ಲಾ ಓಮ್‌ಸ್ಟೆಡ್. 1822ರಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗ ಸುಮ್ಯಾಕ್ ಅನ್ನೋ ವಿಷದ ಗಿಡ ತಾಗಿ ಕಣ್ಣಿಗೆ ತೊಂದರೆಯಾಗಿ ಕಾಲೇಜು ಓದು ತಪ್ಪಿಹೋಯಿತು. ಆಮೇಲೆ ಹಡಗಿನಲ್ಲಿ ಕೂಲಿಯಾಗಿ ಚೀನಾಕ್ಕೆ ಹೋದರು, ಸ್ಟೇಟನ್ ದ್ವೀಪದಲ್ಲಿ ಬೇಸಾಯ ಮಾಡಿದರು, ಪತ್ರಿಕೆಗೆ ವರದಿ ಬರೆದರು. 1857ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಮೇಲ್ವಿಚಾರಕನ ಕೆಲಸ ಸಿಕ್ಕಿತು. ಮರುವರ್ಷ ಆ ಪಾರ್ಕಿನ ವಿನ್ಯಾಸ ಸ್ಪರ್ಧೆಯಲ್ಲಿ ಕ್ಯಾಲ್ವರ್ಟ್ ವೋ ಅನ್ನೋ ವಾಸ್ತುಶಿಲ್ಪಿಯ ಜೊತೆ ಸೇರಿ ಗೆದ್ದರು.

ಇಲ್ಲಿ ಜೋಡಿಯನ್ನು ಗಮನಿಸಿ. ಒಬ್ಬರಿಗೆ ನಕ್ಷೆ ಬರೆಯಲು ಬರುತ್ತಿತ್ತು, ಇನ್ನೊಬ್ಬರಿಗೆ ನೆಲ ಗೊತ್ತಿತ್ತು. ನಗರದ ಅಡ್ಡ ರಸ್ತೆಗಳನ್ನು ಪಾರ್ಕಿನ ಮಟ್ಟಕ್ಕಿಂತ ಕೆಳಗೆ ಇಳಿಸಿ, ನಡೆಯುವವರಿಗೆ ಗಾಡಿಗಳ ಗದ್ದಲ ಕಾಣದ ಹಾಗೆ ಮಾಡಿದ್ದು ಅವರ ಯೋಜನೆಯ ಜಾಣತನ. ಇವತ್ತಿನ ಅರ್ಜಿ ಫಾರ್ಮ್ ತುಂಬಲು ಕೂತಿದ್ದರೆ ಓಮ್‌ಸ್ಟೆಡ್ ಮೊದಲ ಸಾಲಿನಲ್ಲೇ ನಿಂತುಬಿಡುತ್ತಿದ್ದರು.

1900: ಮೊದಲ ಕೋರ್ಸು, ಮತ್ತು ಒಬ್ಬ ಎಂಜಿನಿಯರ್

ಅಲ್ಲಿಯವರೆಗೆ ಈ ವಿದ್ಯೆ ಕಲಿಯಲು ಇದ್ದದ್ದು ಒಂದೇ ದಾರಿ, ಯಾರದಾದರೂ ಕಚೇರಿಯಲ್ಲಿ ಶಿಷ್ಯನಾಗಿ ಸೇರುವುದು. ಹಾಗೆ ಓಮ್‌ಸ್ಟೆಡ್ ಹತ್ತಿರ ಸೇರಿದವರಲ್ಲಿ ಚಾರ್ಲ್ಸ್ ಎಲಿಯಟ್ ಒಬ್ಬರು. ಅವರ ತಂದೆ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷರು. 1897ರಲ್ಲಿ, 37ನೇ ವಯಸ್ಸಿಗೇ, ಚಾರ್ಲ್ಸ್ ತೀರಿಕೊಂಡರು. ಮಗನ ನೆನಪಿಗೆ ಅಂತ ತಂದೆ ಈ ವಿದ್ಯೆಗೆ ಬೆಂಬಲ ಕೊಟ್ಟರು. 1900ರಲ್ಲಿ ಹಾರ್ವರ್ಡ್‌ನ ಲಾರೆನ್ಸ್ ವಿಜ್ಞಾನ ಶಾಲೆಯಲ್ಲಿ ಅಮೆರಿಕದ ಮೊದಲ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಕೋರ್ಸು ಶುರುವಾಯಿತು.

ಅದನ್ನು ಕಟ್ಟಿದವರು ಇಬ್ಬರು. ಒಬ್ಬರು ಓಮ್‌ಸ್ಟೆಡ್ ಅವರ ಮಗ. ಇನ್ನೊಬ್ಬರು ಆರ್ಥರ್ ಶರ್ಕ್ಲಿಫ್. ಈ ಶರ್ಕ್ಲಿಫ್ 1894ರಲ್ಲಿ ಎಂಐಟಿಯಿಂದ ಪಾಸಾದದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್‌ನಲ್ಲಿ! ಯಂತ್ರಗಳ ಕೆಲಸ ಬೇಡ ಅನ್ನಿಸಿದಾಗ ಚಾರ್ಲ್ಸ್ ಎಲಿಯಟ್ ಸಲಹೆಯ ಮೇರೆಗೆ ಹಾರ್ವರ್ಡ್‌ನ ಬೇರೆ ಬೇರೆ ವಿಭಾಗಗಳಿಂದ ಬೇಕಾದ ವಿಷಯಗಳನ್ನು ಆರಿಸಿಕೊಂಡು, ತನ್ನ ಕೋರ್ಸನ್ನು ತಾನೇ ಜೋಡಿಸಿಕೊಂಡು, 1896ರಲ್ಲಿ ಎರಡನೇ ಪದವಿ ಪಡೆದರು. ನಾಲ್ಕು ವರ್ಷದ ನಂತರ ಅದೇ ವಿದ್ಯೆಗೆ ಪಠ್ಯಕ್ರಮ ಬರೆಯುವವರ ಸಾಲಿನಲ್ಲಿ ಕೂತರು. ಸಸ್ಯಶಾಸ್ತ್ರ, ತೋಟಗಾರಿಕೆ, ಸಿವಿಲ್ ಎಂಜಿನಿಯರಿಂಗ್, ಲಲಿತಕಲೆ ಎಲ್ಲದರಿಂದಲೂ ಸ್ವಲ್ಪ ಸ್ವಲ್ಪ ತೆಗೆದುಕೊಂಡ ವಿದ್ಯೆ ಇದು. ಯಾವ ಒಂದು ವಿಭಾಗದ ಸ್ವತ್ತೂ ಆಗಿರಲಿಲ್ಲ.

ಕೆಲವೇ ವರ್ಷಗಳಲ್ಲಿ ಹಾರ್ವರ್ಡ್ ಇದನ್ನು ಸ್ನಾತಕೋತ್ತರ ಮಟ್ಟಕ್ಕೆ ಏರಿಸಿತು. ಅಂದರೆ ಸೇರಲು ಮೊದಲೇ ಒಂದು ಪದವಿ ಇರಬೇಕು. ವೃತ್ತಿಗೆ ಗೌರವ ಬಂತು, ನಿಜ. 1909ರಲ್ಲಿ ಇದೇ ವಿಭಾಗದೊಳಗೆ ನಗರ ಯೋಜನೆಯ ಪಾಠ ಶುರುವಾಗಿ, ಮುಂದೆ ಅದು ಬೇರೆಯದೇ ಶಾಲೆಯಾಗಿ ಬೆಳೆಯಿತು. ಆದರೆ ಕಣ್ಣಿನ ತೊಂದರೆಯಿಂದ ಕಾಲೇಜು ತಪ್ಪಿದ ಇನ್ನೊಬ್ಬ ಓಮ್‌ಸ್ಟೆಡ್ ಬಂದರೆ ಅವನಿಗೆ ಅಲ್ಲಿ ಜಾಗ ಇರಲಿಲ್ಲ.

ಅರ್ಹತೆ ಪಟ್ಟಿಯಲ್ಲಿ ಬರೆಯದೇ ಇದ್ದ ಸಾಲು

ಹೆಣ್ಣುಮಕ್ಕಳಿಗಂತೂ ಜಾಗವೇ ಇರಲಿಲ್ಲ. ಅಮೆರಿಕದ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟರ ಸಂಘ 1899ರಲ್ಲಿ ಹುಟ್ಟಿದಾಗ ಸ್ಥಾಪಕರು 11 ಜನ, ಅವರಲ್ಲಿ ಒಬ್ಬರೇ ಮಹಿಳೆ, ಬಿಯಾಟ್ರಿಕ್ಸ್ ಫ್ಯಾರಂಡ್. ಅವರಿಗೂ ಡಿಗ್ರಿ ಇರಲಿಲ್ಲ. ಹಾರ್ವರ್ಡ್‌ನ ಆರ್ನಾಲ್ಡ್ ಸಸ್ಯೋದ್ಯಾನದಲ್ಲಿ ಚಾರ್ಲ್ಸ್ ಸಾರ್ಜೆಂಟ್ ಅನ್ನೋ ಸಸ್ಯಶಾಸ್ತ್ರಜ್ಞರ ಹತ್ತಿರ ಕಲಿತವರು. ತಮ್ಮನ್ನು ಲ್ಯಾಂಡ್‌ಸ್ಕೇಪ್ ಗಾರ್ಡನರ್ ಅಂತಲೇ ಕರೆದುಕೊಳ್ಳುತ್ತಿದ್ದರು.

ಎಂಐಟಿಯಲ್ಲೂ 1900ರಲ್ಲಿ ಗೈ ಲೋವೆಲ್ ಅವರ ನೇತೃತ್ವದಲ್ಲಿ ಇಂಥದೇ ಕೋರ್ಸು ಶುರುವಾಗಿತ್ತು. ಅಲ್ಲಿ ಮಹಿಳೆಯರಿಗೆ ಪ್ರವೇಶ ಇತ್ತು. ಮರಿಯನ್ ಕಾಫಿನ್ ಅನ್ನೋರು ಅರ್ಜಿ ಹಾಕಿದರು. ಅವರ ಓದೆಲ್ಲ ಮನೆಯಲ್ಲೇ ಆಗಿತ್ತು, ಕಾಲೇಜು ಕೇಳುವಷ್ಟು ಗಣಿತ ಇರಲಿಲ್ಲ. ಮನೆಪಾಠ ಇಟ್ಟುಕೊಂಡು ಗಣಿತ ಕಲಿತು, ವಿಶೇಷ ವಿದ್ಯಾರ್ಥಿಯಾಗಿ ಸೇರಿ, 1904ರಲ್ಲಿ ಮುಗಿಸಿದರು. ಮುಗಿಸಿದ ಮೇಲೆ ಕಚೇರಿಗಳಲ್ಲಿ ಕೆಲಸ ಸಿಗದೆ ನ್ಯೂಯಾರ್ಕಿನಲ್ಲಿ ತಮ್ಮದೇ ಕಚೇರಿ ತೆರೆದರು. ಎಂಐಟಿಯ ಆ ಕೋರ್ಸು ಬಹಳ ಕಾಲ ಉಳಿಯಲಿಲ್ಲ.

1915ರಲ್ಲಿ ರ‍್ಯಾಡ್‌ಕ್ಲಿಫ್ ಕಾಲೇಜಿನ ಒಬ್ಬ ಹುಡುಗಿ ಹಾರ್ವರ್ಡ್‌ನಲ್ಲಿ ಲ್ಯಾಂಡ್‌ಸ್ಕೇಪ್ ಓದಬೇಕು ಅಂತ ಕೇಳಿದಳು. ಆಗುವುದಿಲ್ಲ ಅಂತ ಹೇಳಿ, ಹೆನ್ರಿ ಫ್ರಾಸ್ಟ್ ಅನ್ನೋ ಮೇಷ್ಟರಿಗೆ ಖಾಸಗಿಯಾಗಿ ಪಾಠ ಹೇಳಿಕೊಡಲು ಸೂಚಿಸಿದರು. ಅವರ ಆಫೀಸಿನಲ್ಲೇ ಪಾಠ. ಒಬ್ಬಳು ಇದ್ದದ್ದು ಹಲವರಾಗಿ, ಅದೇ ಕೇಂಬ್ರಿಜ್ ಸ್ಕೂಲ್ ಅನ್ನೋ ಮಹಿಳೆಯರ ವಿನ್ಯಾಸ ಶಾಲೆಯಾಯಿತು. ಪಾಠ ಹೇಳುವವರು ಹಾರ್ವರ್ಡ್‌ನವರು, ಆದರೆ ಕಲಿತವರಿಗೆ ಹಾರ್ವರ್ಡ್ ಪದವಿ ಇಲ್ಲ. 1930ರ ದಶಕದಲ್ಲಿ ಸ್ಮಿತ್ ಕಾಲೇಜಿನ ಜೊತೆ ಸೇರಿಕೊಂಡ ಮೇಲಷ್ಟೇ ಅವರಿಗೆ ಪದವಿ ಸಿಗತೊಡಗಿತು. ಕೊನೆಗೆ 1942ರಲ್ಲಿ ಹಾರ್ವರ್ಡ್ ಬಾಗಿಲು ತೆರೆಯಿತು. ಕಾರಣ ಎರಡನೇ ಮಹಾಯುದ್ಧ. ಗಂಡುಮಕ್ಕಳು ಸೈನ್ಯಕ್ಕೆ ಹೋಗಿ ತರಗತಿಗಳು ಖಾಲಿಯಾಗಿದ್ದವು. ಅದೇ ವರ್ಷ ಕೇಂಬ್ರಿಜ್ ಸ್ಕೂಲ್ ಮುಚ್ಚಿತು.

ಅಲ್ಲಿಗೆ, 1915ರಲ್ಲಿ ಅರ್ಹತೆ ಇಲ್ಲ ಅಂದದ್ದು 1942ರಲ್ಲಿ ಇದೆ ಅಂತಾಯಿತು. ನಡುವೆ ಹೆಣ್ಣುಮಕ್ಕಳ ಬುದ್ಧಿ ಏನೂ ಬದಲಾಗಿರಲಿಲ್ಲ, ಸೀಟು ತುಂಬಿಸುವ ಅಗತ್ಯ ಬದಲಾಗಿತ್ತು.

ಬೆಂಗಳೂರಿಗೆ ಬಂದ ತೋಟಗಾರ

ಇನ್ನು ನಮ್ಮ ಊರಿನ ಕಡೆ ಬರೋಣ. ಬೆಂಗಳೂರಿನಲ್ಲಿ ಒಂದು ಮರ ಹೂ ಉದುರಿಸುವ ಹೊತ್ತಿಗೆ ಇನ್ನೊಂದು ಜಾತಿಯ ಮರ ಹೂ ಬಿಡುತ್ತದೆ. ಹೀಗೆ ವರ್ಷವಿಡೀ ರಸ್ತೆಗಳಲ್ಲಿ ಬಣ್ಣ ಇರಬೇಕು ಅಂತ ಯೋಚಿಸಿ ಮರ ಆರಿಸಿದವರು ಗುಸ್ತಾವ್ ಹರ್ಮನ್ ಕ್ರುಂಬಿಗಲ್. ಲಾಲ್‌ಬಾಗ್ ಹತ್ತಿರದ ಕ್ರುಂಬಿಗಲ್ ರಸ್ತೆಯಲ್ಲಿ ಓಡಾಡಿದವರು ನಿಮ್ಮಲ್ಲೂ ಇರುತ್ತೀರಿ.

ಅವರು 1865ರಲ್ಲಿ ಜರ್ಮನಿಯ ಡ್ರೆಸ್ಡೆನ್ ಹತ್ತಿರ ಹುಟ್ಟಿದವರು. ಪಿಲ್‌ನಿಟ್ಸ್‌ನಲ್ಲಿ ತೋಟಗಾರಿಕೆ ತರಬೇತಿ, ಹ್ಯಾಂಬರ್ಗಿನಲ್ಲಿ ಕೆಲಸ, 1888ರಲ್ಲಿ ಲಂಡನ್. ಹೈಡ್ ಪಾರ್ಕಿನಲ್ಲಿ ಹೂವಿನ ಪಾತಿಗಳ ವಿನ್ಯಾಸ ಮಾಡಿ, ಅಲ್ಲಿಂದ ಕ್ಯೂ ಸಸ್ಯೋದ್ಯಾನ ಸೇರಿದರು. ಕ್ಯೂನಲ್ಲಿ ಪಾತಿ, ಗಾಜಿನ ಮನೆ, ನರ್ಸರಿಗಳಲ್ಲಿ ದುಡಿಯುತ್ತಲೇ ಕಲಿಯುವ ಪದ್ಧತಿ. ಅಲ್ಲೂ ಮಹಿಳಾ ತೋಟಗಾರರು ಬಂದದ್ದು 1896ರಲ್ಲಿ. ಗಂಡಸರ ಗಮನ ಬೇರೆ ಕಡೆ ಹೋಗಬಾರದು ಅಂತ ಅವರಿಗೆ ಗಂಡಸರ ಥರದ ಉಡುಪನ್ನೇ ತೊಡಿಸಿದ್ದರು.

ಕ್ರುಂಬಿಗಲ್ 1893ರಲ್ಲಿ ಬರೋಡಾ ಸಂಸ್ಥಾನಕ್ಕೆ, 1908ರಲ್ಲಿ ಮೈಸೂರು ಸಂಸ್ಥಾನದ ಬೆಂಗಳೂರಿಗೆ ಬಂದರು. 1932ರವರೆಗೆ ಸೇವೆ ಮಾಡಿ, 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಅವರ ಜಾಗಕ್ಕೆ ಬಂದ ಎಚ್. ಸಿ. ಜವರಾಯ ಕ್ಯೂನಲ್ಲಿ ತರಬೇತಿ ಪಡೆದವರು. ಆಮೇಲೆ ಬಂದ ಡಾ. ಎಂ. ಎಚ್. ಮರಿಗೌಡ ಕ್ಯೂನಲ್ಲೂ ಕಲಿತು ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಮಾಡಿದವರು. ಇವರು ಯಾರೂ ಬಿ.ಆರ್ಕ್ ಮಾಡಿದವರಲ್ಲ. ನಾವೆಲ್ಲ ಹೊರಗಡೆ ಕೂತು ಹೆಮ್ಮೆಯಿಂದ ಹೇಳಿಕೊಳ್ಳುವ ಉದ್ಯಾನ ನಗರಿ ಇವರ ಕೈಯಲ್ಲಿ ಬೆಳೆದದ್ದು. ಗಿಡ ಗೊತ್ತಿದ್ದವರು ಊರನ್ನೂ ವಿನ್ಯಾಸ ಮಾಡಬಹುದು ಅನ್ನೋದಕ್ಕೆ ನನಗೆ ಬೇರೆ ಸಾಕ್ಷಿ ಬೇಡ.

1972 ಮತ್ತು ಎರಡು ಬೇರೆ ಬೇರೆ ದಾರಿ

ಸ್ವತಂತ್ರ ಭಾರತದಲ್ಲಿ ಈ ವಿದ್ಯೆ ಬೇರೂರಿದ್ದು ದೆಹಲಿಯಲ್ಲಿ. ಇಲ್ಲಿನ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್‌ನಲ್ಲಿ 1972ರಲ್ಲಿ ಲ್ಯಾಂಡ್‌ಸ್ಕೇಪ್ ಸ್ನಾತಕೋತ್ತರ ಕೋರ್ಸು ಶುರುವಾಯಿತು. ಅದೇ ವರ್ಷ ವಾಸ್ತುಶಿಲ್ಪಿಗಳ ಕಾಯ್ದೆಯೂ ಬಂತು. ಆರ್ಕಿಟೆಕ್ಟ್ ಅಂತ ಹೆಸರು ಹಾಕಿಕೊಳ್ಳಲು ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಬೇಕು ಅಂತಾಯಿತು. ಲ್ಯಾಂಡ್‌ಸ್ಕೇಪಿಗೆ ಮಾತ್ರ ಇವತ್ತಿಗೂ ಪ್ರತ್ಯೇಕ ಶಾಸನಬದ್ಧ ಮಂಡಳಿ ಇಲ್ಲ. 2003ರಲ್ಲಿ ಹುಟ್ಟಿದ ಇಸೋಲಾ ಅನ್ನೋ ವೃತ್ತಿಪರರ ಸಂಘ ಇದೆ, ಅದು ಸಂಘ ಅಷ್ಟೇ. ಹೀಗಾಗಿ ನಮ್ಮಲ್ಲಿ ಈ ವಿದ್ಯೆ ಆರ್ಕಿಟೆಕ್ಚರ್ ಮನೆಯ ಮಹಡಿಯ ಮೇಲಿನ ಕೋಣೆಯ ಹಾಗೆ ಬೆಳೆಯಿತು. ಮೇಲೆ ಹೋಗಲು ಆ ಮನೆಯೊಳಗಿಂದಲೇ ಹತ್ತಬೇಕು.

ಆ ಕೋಣೆಯಲ್ಲಿ ಒಳ್ಳೆಯ ಕೆಲಸವೇ ಆಗಿದೆ. ದೆಹಲಿಯಲ್ಲಿರುವವರು ಹುಮಾಯೂನ್ ಗೋರಿಯ ಪಕ್ಕದ ಸುಂದರ್ ನರ್ಸರಿಗೆ ಹೋಗಿ ನೋಡಿ. 2018ರಲ್ಲಿ ಜನರಿಗೆ ತೆರೆದ ಆ ಉದ್ಯಾನದ ವಿನ್ಯಾಸ ಎಂ. ಶಹೀರ್ ಅವರದು. ಸ್ಕೂಲ್ ಆಫ್ ಪ್ಲಾನಿಂಗ್‌ನಲ್ಲಿ ಆರ್ಕಿಟೆಕ್ಚರ್ ಓದಿ, ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಲ್ಯಾಂಡ್‌ಸ್ಕೇಪ್ ಕಲಿತು ಬಂದು, ದೆಹಲಿಯಲ್ಲಿ ವರ್ಷಗಟ್ಟಲೆ ಪಾಠ ಹೇಳಿದವರು. ಉದ್ಯಾನ ತೆರೆಯುವ ಮೊದಲೇ, 2015ರಲ್ಲಿ, ತೀರಿಕೊಂಡರು.

ಆದರೆ ಇನ್ನೊಂದು ದಾರಿಯೂ ಇದೆ. ತೋಟಗಾರಿಕೆ ವಿಶ್ವವಿದ್ಯಾಲಯಗಳಲ್ಲಿ, ನಮ್ಮ ಬಾಗಲಕೋಟೆಯದೂ ಸೇರಿ, ಪುಷ್ಪಕೃಷಿ ಮತ್ತು ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಅಂತಲೇ ಎಂಎಸ್ಸಿ ಇದೆ. ಹೆಸರಿನಲ್ಲಿ ಅದೇ ಎರಡು ಪದ. ಆದರೆ ಆ ಎಂಎಸ್ಸಿಯವರು ಸಾಮಾನ್ಯವಾಗಿ ಹೋಗುವುದು ನರ್ಸರಿ, ಸಂಶೋಧನೆ, ತೋಟಗಾರಿಕೆ ಇಲಾಖೆ ಕಡೆಗೆ. ಎಂ.ಆರ್ಕ್ ಮಾಡಿದವರು ಹೋಗುವುದು ವಿನ್ಯಾಸದ ಕಚೇರಿಗೆ. ಈ ಕವಲು ಪಿಯುಸಿಯಲ್ಲೇ ಶುರುವಾಗುತ್ತದೆ. ಬಿ.ಆರ್ಕ್‌ಗೆ ಗಣಿತ, ಭೌತಶಾಸ್ತ್ರ ಬೇಕು, ಜೊತೆಗೆ ನಾಟಾ ಅಥವಾ ಜೆಇಇಯ ಎರಡನೇ ಪತ್ರಿಕೆ. ತೋಟಗಾರಿಕೆಗೆ ಜೀವಶಾಸ್ತ್ರ ಮತ್ತು ಸಿಇಟಿ. 17ನೇ ವಯಸ್ಸಿನಲ್ಲಿ ಆ ಹುಡುಗಿ ಆರಿಸಿಕೊಂಡ ಕಾಂಬಿನೇಶನ್ 22ನೇ ವಯಸ್ಸಿನಲ್ಲಿ ಅವಳ ದಾರಿಗೆ ಅಡ್ಡ ಬಂದು ನಿಂತಿದೆ.

ನಿಯಮದ ಪರವಾಗಿಯೂ ಒಂದು ಮಾತು

ನ್ಯಾಯವಾಗಿ ಹೇಳಬೇಕಂದರೆ ಬಿ.ಆರ್ಕ್ ಕೇಳುವುದಕ್ಕೂ ಕಾರಣ ಇದೆ. ನೀವು ಕೆಲಸ ಮಾಡುವ ಟೆಕ್ ಪಾರ್ಕನ್ನೇ ತಗೊಳ್ಳಿ. ಊಟ ಆದ ಮೇಲೆ ಒಂದು ರೌಂಡ್ ಹೊಡೆಯುವ ಆ ಹುಲ್ಲುಹಾಸಿನ ಕೆಳಗೆ ಎಷ್ಟೋ ಕಡೆ ಎರಡು ಮೂರು ಅಂತಸ್ತಿನ ಬೇಸ್‌ಮೆಂಟ್ ಪಾರ್ಕಿಂಗ್ ಇರುತ್ತದೆ. ನೀರು ಕುಡಿದ ಮಣ್ಣು ಒಂದು ಘನ ಮೀಟರಿಗೆ 2 ಟನ್ ಹತ್ತಿರ ತೂಗುತ್ತದೆ. ಆ ಭಾರ ಸ್ಲ್ಯಾಬ್ ತಡೆಯಬೇಕು. ಇಳಿಜಾರು ಸ್ವಲ್ಪ ತಪ್ಪಿದರೂ ಮಳೆನೀರು ನೇರ ಬೇಸ್‌ಮೆಂಟಿಗೆ. ಮಣ್ಣು ಹಿಡಿಯುವ ಗೋಡೆ ಕುಸಿದರೆ ಜೀವ ಹೋಗುತ್ತದೆ. ಕಾಂಟೂರ್ ಓದುವುದು, ಸೆಕ್ಷನ್ ಬರೆಯುವುದು, ಗುತ್ತಿಗೆದಾರನಿಗೆ ಅರ್ಥವಾಗುವ ಡ್ರಾಯಿಂಗ್ ಕೊಡುವುದು ಬಿಎಸ್ಸಿ ತೋಟಗಾರಿಕೆಯಲ್ಲಿ ಆ ಮಟ್ಟಕ್ಕೆ ಬರುವುದಿಲ್ಲ. ಎರಡೇ ವರ್ಷದ ಎಂ.ಆರ್ಕ್‌ನಲ್ಲಿ ಅದನ್ನು ಮೊದಲಿನಿಂದ ಕಲಿಸಲು ಸಮಯ ಸಾಲದು.

ಇದಕ್ಕೆ ಅಮೆರಿಕದವರು ಕಂಡುಕೊಂಡ ಉಪಾಯ ಸರಳ. ವಿನ್ಯಾಸದ ಪದವಿ ಇದ್ದವರಿಗೆ ಎರಡು ವರ್ಷ, ಬೇರೆ ಯಾವುದೇ ವಿಷಯದಲ್ಲಿ ಪದವಿ ಇದ್ದವರಿಗೆ ಮೂರು ವರ್ಷ. ಹಾರ್ವರ್ಡ್‌ನಲ್ಲೂ ಇವತ್ತು ಹೀಗೇ ಇದೆ. ಮೂರು ವರ್ಷದ ಕೋರ್ಸಿಗೆ ಇತಿಹಾಸ ಓದಿದವರೂ, ಜೀವಶಾಸ್ತ್ರ ಓದಿದವರೂ ಪೋರ್ಟ್‌ಫೋಲಿಯೋ ಹಿಡಿದು ಅರ್ಜಿ ಹಾಕಬಹುದು. ಗೊತ್ತಿಲ್ಲದ್ದನ್ನು ಕಲಿಸಲು ಒಂದು ವರ್ಷ ಹೆಚ್ಚು ಕೊಡುತ್ತಾರೆ ಅಷ್ಟೇ, ಬಾಗಿಲು ಹಾಕುವುದಿಲ್ಲ.

ಹೀಗೆ ಹೊರಗಿನವರನ್ನು ಬಿಟ್ಟುಕೊಂಡದ್ದರಿಂದ ವಿದ್ಯೆ ಕೆಡಲಿಲ್ಲ. ಇಯಾನ್ ಮೆಕ್‌ಹಾರ್ಗ್ ಅನ್ನೋ ಸ್ಕಾಟ್‌ಲೆಂಡಿನವರು 16ನೇ ವಯಸ್ಸಿಗೆ ಶಾಲೆ ಬಿಟ್ಟವರು. ಯುದ್ಧ ಮುಗಿಸಿಕೊಂಡು ಹಾರ್ವರ್ಡ್‌ಗೆ ಬಂದು ಲ್ಯಾಂಡ್‌ಸ್ಕೇಪ್ ಕಲಿತರು. ಮುಂದೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ವಿಭಾಗ ಕಟ್ಟಿದಾಗ ಭೂವಿಜ್ಞಾನಿಗಳು, ಪರಿಸರ ವಿಜ್ಞಾನಿಗಳನ್ನು ಮೇಷ್ಟರಾಗಿ ತಂದರು. ಒಂದು ಪಾರದರ್ಶಕ ಹಾಳೆಯಲ್ಲಿ ಮಣ್ಣು, ಇನ್ನೊಂದರಲ್ಲಿ ಇಳಿಜಾರು, ಮತ್ತೊಂದರಲ್ಲಿ ನೀರು, ಹೀಗೆ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ಎಲ್ಲಿ ಕಟ್ಟಬೇಕು, ಎಲ್ಲಿ ಕಟ್ಟಬಾರದು ಅಂತ ನೋಡುವ ವಿಧಾನವನ್ನು 1969ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಲೇಯರ್ ಅನ್ನೋ ಪದ ನಮಗೆ ಹೊಸದಲ್ಲ ಅಲ್ವಾ?

ಅದೇ 1969ರಲ್ಲಿ ಹಾರ್ವರ್ಡ್‌ನಿಂದ ಲ್ಯಾಂಡ್‌ಸ್ಕೇಪ್ ಪದವಿ ಪಡೆದು ಹೊರಬಂದವರು ಜ್ಯಾಕ್ ಡೇಂಜರ್‌ಮಂಡ್. ಕ್ಯಾಲಿಫೋರ್ನಿಯಾದಲ್ಲಿ ಅವರ ಅಪ್ಪ ಅಮ್ಮ ಗಿಡಗಳ ನರ್ಸರಿ ಇಟ್ಟಿದ್ದವರು. ಹಾರ್ವರ್ಡ್‌ನಲ್ಲಿ ಕಂಪ್ಯೂಟರಿನಿಂದ ನಕ್ಷೆ ಮಾಡುವ ಪ್ರಯೋಗಾಲಯದ ಸಂಪರ್ಕ ಆಗಿತ್ತು. ಊರಿಗೆ ವಾಪಸ್ ಹೋಗಿ ಹೆಂಡತಿ ಲಾರಾ ಜೊತೆ ಎಸ್ರಿ ಕಂಪನಿ ಶುರು ಮಾಡಿದರು. ಆರ್ಕ್‌ಜಿಐಎಸ್ ಬಳಸಿ ಕೋಡ್ ಬರೆಯುವ ಗೆಳೆಯರು ಹೈದರಾಬಾದ್, ಪುಣೆ, ನೋಯ್ಡಾ ಎಲ್ಲ ಕಡೆ ಇದ್ದಾರೆ. ಅವರ ಸಂಬಳದ ಹಿಂದೆ ಒಬ್ಬ ನರ್ಸರಿ ಹುಡುಗ ಲ್ಯಾಂಡ್‌ಸ್ಕೇಪ್ ಓದಿದ ಕಥೆ ಇದೆ.

ಅವಳಿಗೆ ಹೇಳಿದ್ದು

ಇಷ್ಟೆಲ್ಲ ಓದಿ ಮತ್ತೆ ಹಾಸನಕ್ಕೆ ಫೋನ್ ಮಾಡಿದೆ. ಮೂರು ದಾರಿ ಹೇಳಿದೆ. ಒಂದು, ತೋಟಗಾರಿಕೆ ಕಡೆಯ ಎಂಎಸ್ಸಿ ಸೇರಿ, ಜೊತೆಜೊತೆಗೆ ಡ್ರಾಯಿಂಗ್, ಕ್ಯಾಡ್, ಜಿಐಎಸ್ ಕಲಿತು ವಿನ್ಯಾಸದ ಕಚೇರಿಯಲ್ಲಿ ಗಿಡಗಳ ಜವಾಬ್ದಾರಿ ನೋಡಿಕೊಳ್ಳುವ ಕೆಲಸ ಹಿಡಿಯುವುದು. ಎರಡು, ಒಂದೆರಡು ವರ್ಷ ದುಡಿದು, ಪೋರ್ಟ್‌ಫೋಲಿಯೋ ಮಾಡಿಕೊಂಡು, ಸ್ಕಾಲರ್‌ಶಿಪ್ ಹುಡುಕಿ ಹೊರದೇಶದ ಮೂರು ವರ್ಷದ ಕೋರ್ಸಿಗೆ ಪ್ರಯತ್ನಿಸುವುದು. ಖರ್ಚು ದೊಡ್ಡದು, ಅದನ್ನು ಮುಚ್ಚಿಡಲಿಲ್ಲ. ಮೂರು, ಪ್ರತಿ ವರ್ಷದ ಪ್ರವೇಶ ಪ್ರಕಟಣೆಯನ್ನು ತಾನೇ ಪೂರ್ತಿ ಓದುವುದು. ನಿಯಮ ಬದಲಾಗುತ್ತವೆ ಅನ್ನೋದನ್ನು ಈ 125 ವರ್ಷದ ಚರಿತ್ರೆಯೇ ಹೇಳುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ನಮ್ಮಲ್ಲೂ ಆ ಒಂದು ಹೆಚ್ಚಿನ ವರ್ಷ ಬೇಕು. ತೋಟಗಾರಿಕೆ, ಅರಣ್ಯಶಾಸ್ತ್ರ, ಸಿವಿಲ್ ಓದಿದವರಿಗೆ ಮೊದಲ ವರ್ಷ ಡ್ರಾಯಿಂಗ್ ಮತ್ತು ನಿರ್ಮಾಣದ ಪಾಠ, ಆಮೇಲೆ ಎಲ್ಲರ ಜೊತೆ ಎರಡು ವರ್ಷ. ಕೆರೆಗಳನ್ನು ಕಳೆದುಕೊಂಡ, ಒಂದು ಮಳೆಗೆ ರಸ್ತೆಯೇ ಹೊಳೆಯಾಗುವ ಊರುಗಳು ನಮ್ಮವು. ಇಳಿಜಾರು ಬಲ್ಲವರೂ ಬೇರು ಬಲ್ಲವರೂ ಒಂದೇ ಮೇಜಿನ ಮುಂದೆ ಕೂರದೆ ಈ ಊರುಗಳು ಸರಿಯಾಗುತ್ತವೆ ಅಂತ ನನಗನ್ನಿಸುವುದಿಲ್ಲ.

ಅವಳು ಎಲ್ಲ ಕೇಳಿಸಿಕೊಂಡು ಒಂದು ವಿಷಯ ನೆನಪಿಸಿದಳು. ಬಿಎಸ್ಸಿಗೆ ಸೇರುವಾಗ ಅವಳು ಕೃಷಿಕರ ಕೋಟಾದ ಪ್ರಾಯೋಗಿಕ ಪರೀಕ್ಷೆ ಬರೆದಿದ್ದಳು. ಮುಂದೆ ಬೀಜ, ಗೊಬ್ಬರ, ಸಲಕರಣೆ ಇಟ್ಟು ಇದೇನು ಅಂತ ಕೇಳುತ್ತಾರೆ. "ಅಪ್ಪನ ಜೊತೆ ಹೊಲದಲ್ಲಿ ಕೆಲಸ ಮಾಡಿದ್ದಕ್ಕೇ ಮಾರ್ಕ್ಸ್ ಸಿಕ್ಕಿದ್ದು ಅದೊಂದು ಪರೀಕ್ಷೇಲಿ ಮಾತ್ರ ಮಾಮ" ಅಂದಳು. ಸದ್ಯಕ್ಕೆ ಎಂಎಸ್ಸಿಗೆ ಓದುತ್ತಾ, ಭಾನುವಾರ ಭಾನುವಾರ ಡ್ರಾಯಿಂಗ್ ಕ್ಲಾಸಿಗೆ ಹೋಗುತ್ತಿದ್ದಾಳೆ.

ನಿಮ್ಮಲ್ಲಿ ಯಾರಾದರೂ ಈ ಕ್ಷೇತ್ರದಲ್ಲಿದ್ದರೆ, ಅಥವಾ ಬೇರೆ ಡಿಗ್ರಿಯಿಂದ ಇಲ್ಲಿಗೆ ಬಂದಿದ್ದರೆ, ಹೇಗೆ ಬಂದಿರಿ ಅಂತ ಬರೆಯಿರಿ. ಅವಳೂ ಓದುತ್ತಾಳೆ.